ಮೈಲಾರೆಪ್ಪನವರು ಬ್ಯಾಡಗಿಯನ್ನು ಅಳಿಸಿದ್ದು

ರಾಣೆಬೆನ್ನೂರಿನ ಮೈಲಾರೆಪ್ಪ ಹಲಗೇರಿಯವರು ಒಂದು ಗುರುವಾರ ಬೆಳಿಗ್ಗೆ, ಮುಂದಿಟ್ಟ ಚಹಾ ಆರುವಷ್ಟರಲ್ಲಿ, ಇಡೀ ಬ್ಯಾಡಗಿ ಊರನ್ನು ಅಳಿಸಿಹಾಕಿದರು. ಆ ಊರಿನ ಮೇಲೆ ಅವರಿಗೆ ಎಳ್ಳಷ್ಟೂ ಸಿಟ್ಟಿರಲಿಲ್ಲ. ಸಿಟ್ಟು ಇರುವುದಾದರೂ ಹೇಗೆ? ಇದ್ದೊಬ್ಬ ಮಗಳನ್ನು ಅದೇ ಊರಿಗೆ ಕೊಡುವುದೆಂದು ಮಾತಾಗಿತ್ತು. ಹದಿನೇಳು ದಿನ ಕಳೆದರೆ ನಿಶ್ಚಯ. ಹೀಗಿರುವಾಗ ಅವರು ಮಾಡಿದ್ದು ಒಂದೇ ತಪ್ಪು: ಎರಡು ಶಬ್ದಗಳ ನಡುವೆ ಒಂದು ಅಕ್ಷರದಷ್ಟು ಜಾಗ ಬಿಟ್ಟರು.

ಮೈಲಾರೆಪ್ಪನವರದು “ಶುಭಮಿಲನ ವಧು-ವರ ಮಾಹಿತಿ ಕೇಂದ್ರ.” ಕೇಂದ್ರವೆಂದರೆ ಒಂದು ಮೇಜು, ಮೂರು ಕುರ್ಚಿ, ಒಂದು ಕಂಪ್ಯೂಟರು. ಪಕ್ಕದಲ್ಲಿ ದಾದಾಪೀರನ ಟೇಲರ್ ಅಂಗಡಿ. ನಡುವೆ ಒಂದೇ ಪ್ಲೈವುಡ್ ಹಲಗೆ. ಇಲ್ಲಿ ಗಂಡಿನ ಕಡೆಯವರು ಹೆಣ್ಣಿನ ಬಣ್ಣ ಕೇಳಿದರೆ ಅಲ್ಲಿ ದಾದಾಪೀರನ ಹೊಲಿಗೆ ಯಂತ್ರ ನಿಲ್ಲುತ್ತಿತ್ತು; ಉತ್ತರ ಬಂದ ಮೇಲೆ ಮತ್ತೆ ಶುರುವಾಗುತ್ತಿತ್ತು. ಇಪ್ಪತ್ತಮೂರು ವರ್ಷಗಳಲ್ಲಿ ಮೈಲಾರೆಪ್ಪನವರು ನಾಲ್ಕುನೂರಕ್ಕೂ ಮಿಕ್ಕಿ ಮದುವೆ ಕೂಡಿಸಿದ್ದರು. ಆದರೆ ಅವರ ಮಗಳು ಪುಷ್ಪಾವತಿ ಇಪ್ಪತ್ತೊಂಬತ್ತು ತುಂಬಿದರೂ ಅವರು ತಂದ ಹತ್ತೊಂಬತ್ತು ಗಂಡುಗಳನ್ನು ಒಲ್ಲೆ ಎಂದಿದ್ದಳು. ಊರಿಗೆಲ್ಲ ಚಪ್ಪರ ಹಾಕಿಸಿದವರ ಮನೆ ಮುಂದೆ ಮಾತ್ರ ಚಪ್ಪರವಿಲ್ಲ ಎಂದು ಜನ ಆಡಿಕೊಳ್ಳುವುದು ಅವರ ಕಿವಿಗೂ ಬಿದ್ದಿತ್ತು.

ಇಪ್ಪತ್ತನೆಯವನು ಬ್ಯಾಡಗಿಯ ಯುವರಾಜ. ಮೆಣಸಿನಕಾಯಿ ಕೆಡದಂತೆ ಇಡುವ ಕೋಲ್ಡ್ ಸ್ಟೋರೇಜಿನಲ್ಲಿ ಯಂತ್ರ ನೋಡಿಕೊಳ್ಳುವ ಹುಡುಗ. ಪುಷ್ಪಾವತಿ ಕುಮಾರಪಟ್ಟಣದ ಫ್ಯಾಕ್ಟರಿಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ಅವನನ್ನು ನೋಡಿದ ದಿನ ಸಂಜೆ ಚಪ್ಪಲಿ ಬಿಡುತ್ತಾ “ಅಡ್ಡಿಯಿಲ್ಲ” ಎಂದಳು. ಹತ್ತೊಂಬತ್ತು ಸಲ ಕೇಳದ ಆ ಶಬ್ದವನ್ನು ಕೇಳಿ ತಾಯಿ ಅರುಣಾ ಒಲೆಯ ಮೇಲಿನ ಹಾಲು ಉಕ್ಕಿದರೂ ನೋಡಲಿಲ್ಲ. ಮೈಲಾರೆಪ್ಪನವರು ಹೊರಗೆ ಹೋಗಿ ದಾದಾಪೀರನಿಗೆ ಹೇಳಿ ಬಂದರು. ದಾದಾಪೀರನಿಗೆ ಹೇಳಿದರೆ ಊರಿಗೆ ಬೇರೆ ಹೇಳಬೇಕಾಗಿರಲಿಲ್ಲ.

ಇನ್ನು ಕಂಪ್ಯೂಟರಿನ ಸಂಗತಿ. ಮೂರು ಟ್ರಂಕುಗಳ ಬಯೋಡಾಟಾ ಕಾಗದಗಳನ್ನೆಲ್ಲ ಮೈಲಾರೆಪ್ಪನವರು ಎರಡು ವರ್ಷದ ಹಿಂದೆ ಕಂಪ್ಯೂಟರಿಗೆ ಹಾಕಿಸಿ, ಕಾಗದವನ್ನು ರದ್ದಿಗೆ ಕೊಟ್ಟು, “ನಮ್ಮಲ್ಲಿ ಇನ್ನ ಕಾಗದ ಇಲ್ಲ” ಎಂದು ಬೋರ್ಡು ಬರೆಸಿದ್ದರು. ಒಳಗೆ ಊರಿಗೊಂದು ಫೋಲ್ಡರು: ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ. ಊರಿನೊಳಗೆ ಒಬ್ಬೊಬ್ಬರಿಗೆ ಒಂದೊಂದು ಫೋಲ್ಡರು, ಅದರಲ್ಲಿ ಅವರ ಫೋಟೋ, ಜಾತಕ, ಮತ್ತು ನಂಬಲು ಕಷ್ಟವಾಗುವ ವಯಸ್ಸು. ಮೊನ್ನೆ ಯುಗಾದಿಯ ಹೊತ್ತಿಗೆ ಕಂಪ್ಯೂಟರು ಕೂತಲ್ಲೇ ನಿದ್ದೆ ಹೋಗತೊಡಗಿತು. ರಿಪೇರಿ ಅಂಗಡಿಯ ಸರ್ಫರಾಜನನ್ನು ಕರೆಸಿದರು. ಅವನು ಹಳೆಯ ವ್ಯವಸ್ಥೆ ಕಿತ್ತುಹಾಕಿ ಲಿನಕ್ಸ್ ಎಂಬುದನ್ನು ಕೂಡಿಸಿ, ಹೋಗುವ ಮೊದಲು ಒಂದು ಕಪ್ಪು ಕಿಟಕಿ ತೆರೆದು ತೋರಿಸಿದ.

“ಕಾಕಾ, ಇದರಾಗ ಮೌಸಿನ ಹಂಗಿಲ್ರಿ. ಬರದು ಹುಕುಂ ಕೊಡೋದು. ಎಲ್ಎಸ್ ಅಂತ ಒತ್ತಿದ್ರ ಒಳಗ ಯಾರ್ಯಾರು ಅದಾರ ಅಂತ ತೋರಸ್ತೈತಿ. ಸಿಡಿ ಅಂದ್ರ ಒಳಗ ಹೋಗು ಅಂತ. ಎಂವಿ ಅಂದ್ರ ಇಲ್ಲಿಂದೆತ್ತಿ ಅಲ್ಲಿಡು. ಆರ್ಎಂ ಅಂದ್ರ ಅಳಿಸು. ಫೋಲ್ಡರ ಪೂರಾ ಅಳಿಸೋದಿದ್ರ ಮುಂದೊಂದು ಸಣ್ಣ ಗೆರಿ ಹಾಕಿ ಆರ್ ಅಂತ ಒತ್ರಿ.”

“ಹುಕುಂ ಕೊಟ್ರ ಕೇಳತೈತೇನು?”

“ಕೇಳತೈತ್ರಿ. ಎದುರು ಮಾತಾಡಂಗಿಲ್ಲ. ಅಳಿಸು ಅಂದ್ರ ‘ಖರೇನ ಅಳಿಸಲೇನು’ ಅಂತ ಸೈತ ಕೇಳಂಗಿಲ್ಲ. ಹೋತಂದ್ರ ಹೋತು, ತಿರುಗಿ ಬರಂಗಿಲ್ಲ. ಅದಕ್ಕ ಎಲ್ಲಾದರದೂ ಒಂದೊಂದು ಕಾಪಿ ಇಟ್ಕೋರಿ.”

“ಕಾಪಿ ಹೊಡಿಯೋದು ನಮ್ಮ ಮನೆತನದಾಗ ಇಲ್ಲಪಾ.”

ಸರ್ಫರಾಜ ಇನ್ನೂ ಏನೇನೋ ಹೇಳಿದ. ಹೆಸರಿನ ನಡುವೆ ಜಾಗ ಬಿಡಬಾರದೆಂದೂ ಹೇಳಿದ. ಆದರೆ ಮೈಲಾರೆಪ್ಪನವರ ಕಿವಿ “ಎದುರು ಮಾತಾಡಂಗಿಲ್ಲ” ಎಂಬಲ್ಲಿಯೇ ನಿಂತುಬಿಟ್ಟಿತ್ತು. ಐವತ್ತಾರು ವರ್ಷದ ಬಾಳಿನಲ್ಲಿ ಅವರು ಕೊಟ್ಟ ಹುಕುಮನ್ನು ಯಾರೂ ಪಾಲಿಸಿದ ಉದಾಹರಣೆ ಇರಲಿಲ್ಲ. ಅವರು ಸಾಕಿದ ಆಕಳು ಕೂಡ ಅರುಣಾ ಕರೆದರೆ ಮಾತ್ರ ಬರುತ್ತಿತ್ತು.

ಅಂದಿನಿಂದ ಮೈಲಾರೆಪ್ಪನವರು ಬೇರೆಯೇ ಮನುಷ್ಯರಾದರು. ಮೌಸನ್ನು ಆದಷ್ಟು ಡ್ರಾವರಿನಲ್ಲೇ ಇಟ್ಟರು. ಬಂದ ಗಿರಾಕಿಗಳ ಮುಂದೆ ಕಪ್ಪು ಕಿಟಕಿ ತೆರೆದು, ಬಿಳಿ ಅಕ್ಷರ ಉರುಳಿಸಿ, ಹುಬ್ಬು ಗಂಟಿಕ್ಕಿ ಕೂರುತ್ತಿದ್ದರು. ವಿಜ್ಞಾನಿಗಳು ಹೀಗೆಯೇ ಕೂರುತ್ತಾರೆಂದು ಅವರ ನಂಬಿಕೆ. “ಎಟಿಎಂ ಕೆಟ್ಟಾಗ ಹಿಂಗ ಕಾಣತೈತಿ, ಮೈಲಾರೆಪ್ಪಣ್ಣಾ” ಎಂದು ದಾದಾಪೀರ ಇಣುಕಿ ಹೇಳಿದ್ದನ್ನು ಅವರು ಅಸೂಯೆ ಎಂದು ತಿಳಿದರು. ಮನೆಯಲ್ಲೂ ಇದೇ ಹುಚ್ಚು. ಮಧ್ಯಾಹ್ನ ಊಟಕ್ಕೆ ಬಂದವರು ಪಡಸಾಲೆಯಲ್ಲೇ ಕೂತು “ಅರುಣಾ, ಎಲ್ಎಸ್” ಎಂದು ಕೂಗಿದರು. ಇಂದು ಅಡಿಗೆಯಲ್ಲಿ ಏನೇನಿದೆ ಎಂದು ಅರ್ಥ.

“ನೀವ ಸಿಡಿ ಮಾಡಿಕೊಂಡು ಅಡಗಿ ಮನಿಗೆ ಬರ್ರಿ” ಎಂದರು ಅರುಣಾ ಒಳಗಿನಿಂದ. “ಏನೇನೈತಿ ಅಂತ ಇಲ್ಲೇ ಕಾಣತೈತಿ.”

ಗಂಡನ ವಿದ್ಯೆ ಹೆಂಡತಿಗೆ ಅವನಿಗಿಂತ ಮೊದಲು ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಹೀಗಿರುತ್ತಾ ಆ ಗುರುವಾರ ಬಂತು. ನಿಶ್ಚಯದ ದಿನ ಗೊತ್ತಾದ ಮೇಲೆ ಮೈಲಾರೆಪ್ಪನವರಿಗೆ ಒಂದು ಯೋಚನೆ ಹತ್ತಿತ್ತು. ಅಳಿಯನಾಗುವ ಹುಡುಗನ ಫೋಟೋ ಇನ್ನೂ ಕೇಂದ್ರದ ಪಟ್ಟಿಯಲ್ಲಿದೆ. ಕಂಡವರ ಕಣ್ಣಿಗೆ ಬಿದ್ದು, ಅವರು ಇನ್ನಷ್ಟು ಬಂಗಾರದ ಆಸೆ ತೋರಿಸಿದರೆ? ಅದನ್ನು ತೆಗೆದುಬಿಡಬೇಕು. ಹಿಂದಿನ ದಿನವೇ ಮೌಸ್ ಹಿಡಿದು ಹುಡುಗನ ಫೋಲ್ಡರನ್ನು ಬ್ಯಾಡಗಿಯ ಫೋಲ್ಡರಿನಿಂದ ಹೊರಗೆಳೆದು, ಊರುಗಳ ಸಾಲಿನಲ್ಲೇ ಕೊನೆಗೆ ಇಟ್ಟುಕೊಂಡಿದ್ದರು. ಅಳಿಸುವ ಕೆಲಸ ಮಾತ್ರ ಹುಕುಮಿನಿಂದಲೇ ಆಗಬೇಕೆಂದು ಅವರ ಹಟ.

ಹುಡುಗನ ಪೂರ್ತಿ ಹೆಸರು ಯುವರಾಜ ಬ್ಯಾಡಗಿ. ನಮ್ಮ ಕಡೆ ಊರಿನ ಹೆಸರೇ ಅಡ್ಡಹೆಸರು. ಸಾಮಾನ್ಯವಾಗಿ ಊರು ಬಿಟ್ಟವರಿಗೆ ಆ ಊರಿನ ಹೆಸರು ಅಂಟಿಕೊಳ್ಳುತ್ತದೆ. ಮೈಲಾರೆಪ್ಪನವರ ಅಜ್ಜ ಹಲಗೇರಿ ಬಿಟ್ಟು ಬಂದದ್ದಕ್ಕೇ ಅವರು ಹಲಗೇರಿ. ಬ್ಯಾಡಗಿ ಎಂಬ ಅಡ್ಡಹೆಸರಿನವರು ಬ್ಯಾಡಗಿಯಲ್ಲೇ ಇರುವುದು ಅಪರೂಪ. ಯುವರಾಜನ ಹಿರಿಯರು ಒಮ್ಮೆ ಊರು ಬಿಟ್ಟು, ಹೆಸರು ಸಂಪಾದಿಸಿ, ಸರಿಹೋಗದೆ ತಿರುಗಿ ಬಂದಿದ್ದರು.

ಮೈಲಾರೆಪ್ಪನವರು ಬೆರಳು ನೀವಿಕೊಂಡು ಒತ್ತಿದರು. ಆರ್ಎಂ. ಸಣ್ಣ ಗೆರೆ, ಆರ್. ಆಮೇಲೆ ಯುವರಾಜ. ಒಂದು ಜಾಗ. ಆಮೇಲೆ ಬ್ಯಾಡಗಿ. ಎಂಟರ್.

ಕಂಪ್ಯೂಟರಿಗೆ ಅಡ್ಡಹೆಸರು ಗೊತ್ತಿಲ್ಲ. ನಡುವೆ ಜಾಗ ಕಂಡ ಕೂಡಲೇ ಅದು ತೆಗೆಯಬೇಕಾದವರು ಇಬ್ಬರು ಎಂದು ತಿಳಿಯಿತು. ಒಬ್ಬ ಯುವರಾಜ, ಇನ್ನೊಬ್ಬ ಬ್ಯಾಡಗಿ. ಬರೀ ಯುವರಾಜ ಎಂಬ ಹೆಸರಿನವನು ಆ ಸಾಲಿನಲ್ಲಿ ಇರಲಿಲ್ಲ. “ಯುವರಾಜ ಎಂಬುದು ಇಲ್ಲಿ ಇಲ್ಲ” ಎಂದು ಅದು ಇಂಗ್ಲಿಷಿನಲ್ಲಿ ವಿನಯದಿಂದ ತಿಳಿಸಿತು. ಬ್ಯಾಡಗಿ ಇತ್ತು. ಅದನ್ನು ನೂರ ನಲವತ್ತಮೂರು ಕನ್ಯೆ-ವರಗಳ ಸಮೇತ ಒಂದು ಮಾತೂ ಆಡದೆ ತೆಗೆದುಹಾಕಿತು.

ಮೈಲಾರೆಪ್ಪನವರು ಸಂದೇಶ ಓದಿದರು. ಯುವರಾಜ ಇಲ್ಲ. ಅಳಿಸಿದ ಮೇಲೆ ಇರುವುದಾದರೂ ಹೇಗೆ? ಖುಷಿಯಾಯಿತು. ಖಾತ್ರಿಗೆಂದು ಎಲ್ಎಸ್ ಒತ್ತಿದರು. ಕನ್ನಡಕ ಮನೆಯಲ್ಲಿತ್ತು. ಮಬ್ಬಾಗಿ ಹಾವೇರಿ ಕಂಡಿತು, ರಾಣೆಬೆನ್ನೂರು ಕಂಡಿತು, ಸಾಲಿನ ಕೊನೆಗೆ ಬ್ಯಾಡಗಿ ಎಂಬುದೂ ಕಂಡಿತು. ಆ ಬ್ಯಾಡಗಿಯ ಹಿಂದೆ ಯುವರಾಜ ಅಂಟಿಕೊಂಡೇ ಇದ್ದದ್ದು ಕಾಣಲಿಲ್ಲ. ತೆಗೆಯಬೇಕಾದವನೊಬ್ಬ ಉಳಿದು, ಉಳಿಯಬೇಕಾದವರೆಲ್ಲ ಹೋಗಿದ್ದರು. ಮೈಲಾರೆಪ್ಪನವರು ಆರಿದ ಚಹಾವನ್ನೇ ಸುಖವಾಗಿ ಕುಡಿದು, ಸಂಬಂಧಿಕರ ಮದುವೆಯ ಉದ್ದುದ್ದ ವಿಡಿಯೊಗಳನ್ನು ಅದೇ ಕಂಪ್ಯೂಟರಿಗೆ ತುಂಬುತ್ತಾ ಕೂತರು.

ಒಂಬತ್ತು ದಿನ ಯಾರಿಗೂ ಏನೂ ತಿಳಿಯಲಿಲ್ಲ. ಹತ್ತನೆಯ ದಿನ, ಶನಿವಾರ, ಬ್ಯಾಡಗಿಯ ಕಿರಣಕುಮಾರ ಬಂದ. ಈತ “ಕೆಂಪು ನಾಡು ಯುವ ವೇದಿಕೆ”ಯ ಅಧ್ಯಕ್ಷ. ಒಂಬತ್ತು ವರ್ಷದಿಂದ ಇವನ ಬಯೋಡಾಟಾ ಕೇಂದ್ರದಲ್ಲಿತ್ತು. ವರ್ಷಕ್ಕೊಂದು ಹೊಸ ಫೋಟೋ ತಂದುಕೊಡುತ್ತಿದ್ದ. ಪ್ರತಿ ಫೋಟೋದಲ್ಲೂ ಕೂದಲು ಹಿಂದೆ ಸರಿಯುತ್ತಿತ್ತು, ಶಾಲು ಮುಂದೆ ಬರುತ್ತಿತ್ತು.

ಮೈಲಾರೆಪ್ಪನವರು ಠೀವಿಯಿಂದ ಸಿಡಿ ಬ್ಯಾಡಗಿ ಎಂದು ಒತ್ತಿದರು. ಅಂಥದ್ದು ಇಲ್ಲ ಎಂದಿತು. ಮತ್ತೆ ಒತ್ತಿದರು. ಮತ್ತೆ ಅದನ್ನೇ ಹೇಳಿತು.

“ಬ್ಯಾಡಗಿ ಇಲ್ಲ” ಎಂದರು ಮೈಲಾರೆಪ್ಪನವರು, ಅರ್ಧ ತಮಗೇ.

“ಇಲ್ಲಂದ್ರ ಹೆಂಗ್ರಿ? ನಾ ಈಗರ ಅಲ್ಲಿಂದ ಬಂದೇನಿ. ಬರಬೇಕಾರ ಇತ್ತು.”

ಮೈಲಾರೆಪ್ಪನವರು ಕನ್ನಡಕ ಹಾಕಿಕೊಂಡರು. ಹಾವೇರಿ. ರಾಣೆಬೆನ್ನೂರು. ಯುವರಾಜ ಬ್ಯಾಡಗಿ. ಅವರು ಆ ಮೂರು ಸಾಲುಗಳನ್ನು ಮೂರು ಸಲ ಓದಿದರು. ಹಣೆಯ ಬೆವರು ಕನ್ನಡಕಕ್ಕೆ ಇಳಿಯಿತು.

“ಅಳಿಸಿಬಿಟ್ಟೇನ್ರಿ” ಎಂದರು. “ಬ್ಯಾಡಗಿಯವರನ್ನೆಲ್ಲ ಅಳಿಸಿಬಿಟ್ಟೇನಿ.”

“ಅಳಿಸೀರಿ? ಯಾರು ಅತ್ರು? ಯಾಕ ಅತ್ರು?”

“ಆ ಅಳಿಸೋದಲ್ರಿ. ತಗದು ಹಾಕೇನಿ. ಬ್ಯಾಡಗಿಯವರು ಇನ್ನ ನನ್ನ ಕಡೆ ಯಾರೂ ಇಲ್ಲ.”

ಕಿರಣಕುಮಾರ ಕುರ್ಚಿಯಿಂದ ಮೆಲ್ಲಗೆ ಎದ್ದ. “ಯಾಕ್ರಿ ಮೈಲಾರೆಪ್ಪನವರ? ನಾವೇನು ಮಾಡೇವಿ?”

“ನೀವೇನೂ ಮಾಡಿಲ್ರಿ. ಒಂದ ಹುಕುಮಿಗೆ ಆಗಿಹೋತು.”

“ಹುಕುಂ? ಯಾರದು ಹುಕುಂ?”

“ನನ್ದ.”

ಪ್ಲೈವುಡ್ಡಿನ ಆಚೆ ಹೊಲಿಗೆ ಯಂತ್ರ ನಿಂತಿತ್ತು. ಈ ಸಲ ಅದು ಮತ್ತೆ ಶುರುವಾಗಲಿಲ್ಲ. ದಾದಾಪೀರ ಅರ್ಧ ಹೊಲಿದ ಬ್ಲೌಸನ್ನು ಅಲ್ಲೇ ಬಿಟ್ಟು ಚಹಾದ ಅಂಗಡಿಗೆ ಹೋಗಿದ್ದ.

ದಾದಾಪೀರ ಸುಳ್ಳು ಹೇಳುವ ಮನುಷ್ಯನಲ್ಲ. ಕೇಳಿದ್ದನ್ನೇ ಹೇಳಿದ. ಆದರೆ ಹಲಗೆಯ ಮೂಲಕ ಕೇಳಿದ್ದರಿಂದ ನಡುನಡುವೆ ತಾನೇ ತುಂಬಿಕೊಂಡಿದ್ದ. “ಮೈಲಾರೆಪ್ಪಣ್ಣ ಹುಕುಂ ಹೊರಡಿಸ್ಯಾನ. ಬ್ಯಾಡಗಿ ಬ್ಯಾಡಂತ.” ನಮ್ಮ ಭಾಷೆಯಲ್ಲಿ ಇಷ್ಟು ಸಲೀಸಾಗಿ ನಾಲಿಗೆಯ ಮೇಲೆ ಕೂರುವ ಮಾತು ಇನ್ನೊಂದಿಲ್ಲ. ಮಧ್ಯಾಹ್ನದೊಳಗೆ ಬಸ್‌ಸ್ಟ್ಯಾಂಡಿನಲ್ಲಿ, ಸಂತೆಯಲ್ಲಿ, ರೈಲಿನಲ್ಲಿ ಬ್ಯಾಡಗಿ ಬ್ಯಾಡಂತ, ಬ್ಯಾಡಗಿ ಬ್ಯಾಡಂತ ಎಂದೇ ಕೇಳತೊಡಗಿತು. ರಾಣೆಬೆನ್ನೂರಿನವರು ಬ್ಯಾಡಗಿಗೆ ಹೆಣ್ಣು ಕೊಡುವುದನ್ನು ನಿಲ್ಲಿಸಿದ್ದಾರೆ ಎಂದು ಅದರ ಅರ್ಥವಾಯಿತು. ಕಾರಣವನ್ನೂ ಜನರೇ ಹುಡುಕಿದರು. ಮೆಣಸಿನಕಾಯಿ ಘಾಟಿಗೆ ಸೊಸೆಯಂದಿರಿಗೆ ಸೀನು ನಿಲ್ಲುವುದಿಲ್ಲವಂತೆ, ಸೀನುವವಳು ರೊಟ್ಟಿ ತಟ್ಟುವುದು ಹೇಗಂತೆ. ಸುದ್ದಿ ಹಾವೇರಿ ಮುಟ್ಟುವ ಹೊತ್ತಿಗೆ ಹಾವೇರಿಯೂ ಈ ನಿರ್ಣಯಕ್ಕೆ ಸಹಿ ಹಾಕಿತ್ತು. ಅಲ್ಲಿಂದ ದೂರದ ಸಂಬಂಧಿಕರೊಬ್ಬರು ಫೋನ್ ಮಾಡಿ, “ಛಲೋ ಮಾಡಿದಿ ಮೈಲಾರಿ, ಯಾರರ ಒಬ್ಬರು ಹೇಳಬೇಕಾಗಿತ್ತು” ಎಂದು ಅಭಿನಂದಿಸಿ, ಏನು ಹೇಳಬೇಕಾಗಿತ್ತೆಂದು ತಿಳಿಸದೆ ಇಟ್ಟರು.

ಕಿರಣಕುಮಾರ ವೇದಿಕೆಯ ಲೆಟರ್‌ಹೆಡ್ಡಿನ ಮೇಲೆ ಹೇಳಿಕೆ ಹೊರಡಿಸಿದ. “ರಾಣೆಬೆನ್ನೂರಿನ ಸಾರಿಗೆ ನಮ್ಮ ಮೆಣಸಿನಕಾಯಿಯ ಕೆಂಪು ಬೇಕು, ಮನೆಗೆ ನಮ್ಮ ಹುಡುಗರು ಬೇಡವೇ?” ಎಂಬ ಅದರ ಮೊದಲ ಸಾಲು ಎಲ್ಲರ ಮೊಬೈಲಿಗೂ ಬಂತು. ಮೈಲಾರೆಪ್ಪನವರಿಗೂ ಬಂತು. ಸಾಲು ಚೆನ್ನಾಗಿದೆ ಎಂದು ಅವರಿಗೇ ಅನ್ನಿಸಿದ್ದರಿಂದ ಇನ್ನಷ್ಟು ಸಂಕಟವಾಯಿತು.

ಸಂಜೆ ನಾಲ್ಕಕ್ಕೆ ಹವಾಲ್ದಾರ ನಬಿಸಾಬ ಬಂದರು. ಸಜ್ಜನರು. ಟೋಪಿ ತೆಗೆದು ಮೇಜಿನ ಮೇಲಿಟ್ಟು ಕೇಳಿದರು: “ಏನ್ರಿ ಮೈಲಾರೆಪ್ಪನವರ, ಒಂದು ಊರ ಅಳಿಸೀರಂತ?”

“ಬೇಕಂತ ಅಳಿಸಿಲ್ರಿ ಸಾಹೇಬ್ರ. ಕೈ ತಪ್ಪಿ ಹೋತು.”

“ಹಂಗಾರ ಹಂಗ ಬರದು ಕೊಡ್ರಿ.”

ಮೈಲಾರೆಪ್ಪನವರು ಬರೆದರು: “ನಾನು ಬ್ಯಾಡಗಿ ಪಟ್ಟಣವನ್ನು ಉದ್ದೇಶಪೂರ್ವಕವಾಗಿ ಅಳಿಸಿರುವುದಿಲ್ಲ. ಮುಂದೆ ಯಾವುದೇ ಊರನ್ನು ಅಳಿಸುವುದಿಲ್ಲ.” ನಬಿಸಾಬರು ಅದನ್ನು ಎರಡು ಸಲ ಓದಿದರು. ಮೂವತ್ತು ವರ್ಷದ ಸರ್ವಿಸಿನಲ್ಲಿ ಇಂಥ ಕಾಗದ ನೋಡಿರಲಿಲ್ಲ ಎಂದರು. ಇದನ್ನು ಯಾವ ಕಲಮಿನ ಕೆಳಗೆ ಹಾಕುವುದೆಂದು ತಿಳಿಯದೆ ನಾಲ್ಕಾಗಿ ಮಡಚಿ ಕಿಸೆಯಲ್ಲಿಟ್ಟುಕೊಂಡು ಹೋದರು.

ಸರ್ಫರಾಜ ಬಂದು ಎರಡು ತಾಸು ಕೂತು ಹುಡುಕಿದ. ಕೊನೆಗೆ ಕೈ ಒರೆಸಿಕೊಂಡ. “ಅಳಿಸಿದ ದಿವಸ ಕರದಿದ್ರ ಒಂದೀಟು ಸಿಗತಿತ್ತು ಕಾಕಾ. ಆ ಜಾಗದಾಗ ನೀವು ಮದುವಿ ವಿಡಿಯೊ ತುಂಬೀರಿ. ಈಗ ಬ್ಯಾಡಗಿ ಮ್ಯಾಲೆ ಮಂದಿ ಊಟಕ್ಕ ಕುಂತಾರ.”

ಮೈಲಾರೆಪ್ಪನವರು ಮನೆಗೆ ಬರುವ ಹೊತ್ತಿಗೆ ಫೋನ್ ಬಂತು. ಯುವರಾಜನ ತಾಯಿ ಹೊಳಿಯವ್ವ. ಗಂಡ ತೀರಿದ ಮೇಲೆ ಮೆಣಸಿನಕಾಯಿ ಆರಿಸುವ ಹೆಣ್ಣುಮಕ್ಕಳ ತಂಡ ಕಟ್ಟಿಕೊಂಡು ಮಗನನ್ನು ಓದಿಸಿದ ಹೆಂಗಸು. ಮಾತು ಕಡಿಮೆ.

“ಹಲಗೇರಿಯವರ, ಊರ ಬ್ಯಾಡ ಅಂದ ಮ್ಯಾಲೆ ಊರಿನ ಹುಡುಗ ಯಾಕ ಬೇಕ್ರಿ?”

“ಅವ್ವಾರ, ಅದು ಮಿಷೀನಿನಾಗ—”

“ಮಿಷೀನ ಬಿಡ್ರಿ. ಸೋಮವಾರ ಪ್ಯಾಟಿ ಐತಿ. ಮೆಣಸಿನಕಾಯಿ ಯಾರ್ಡಿಗೆ ಬಂದು ಎಲ್ಲಾರ ಮುಂದ ಹೇಳ್ರಿ. ಮಂದಿಗೆ ಖರೆ ಅನಿಸಿದ್ರ ನಿಶ್ಚಯ ಮಾಡೂನು. ಇಲ್ಲಾಂದ್ರ ಇಲ್ಲಿಗೆ ಬಿಡೂನು.”

ಮೈಲಾರೆಪ್ಪನವರು ಫೋನ್ ಕೆಳಗಿಟ್ಟು ಕಂಬಕ್ಕೆ ಒರಗಿದರು. ತಾವು ಇಷ್ಟು ದಿನ ವಿಜ್ಞಾನಿಯ ಹಾಗೆ ಕೂತದ್ದು ನೆನಪಾಗಿ ತಮ್ಮ ಮುಖಕ್ಕೆ ತಾವೇ ಉಗಿದುಕೊಳ್ಳಬೇಕು ಎನ್ನಿಸಿತು. ನಾಲ್ಕುನೂರು ಮನೆಗಳಲ್ಲಿ ಸನಾದಿ ಊದಿಸಿ ತನ್ನ ಮಗಳ ಸನಾದಿಯನ್ನು ತಾನೇ ನಿಲ್ಲಿಸಿದ ತಂದೆ ಜಿಲ್ಲೆಯಲ್ಲಿ ಇನ್ನೊಬ್ಬ ಇರಲಿಕ್ಕಿಲ್ಲ. ಅರುಣಾ ಒಳಗಿನಿಂದ ಚಹಾ ತಂದಿಟ್ಟರು. ಅವರು ಬೈಯದೆ ಇದ್ದುದಕ್ಕೇ ಮೈಲಾರೆಪ್ಪನವರಿಗೆ ಹೆಚ್ಚು ಹೆದರಿಕೆಯಾಯಿತು.

ಫ್ಯಾಕ್ಟರಿ ಬಸ್ಸಿಳಿದು ಬಂದ ಪುಷ್ಪಾವತಿ ಎಲ್ಲವನ್ನೂ ಕೇಳಿ ಒಂದೇ ಪ್ರಶ್ನೆ ಹಾಕಿದಳು. “ಅಪ್ಪಾ, ಏನು ಒತ್ತಿದಿ? ಒತ್ತಿದಂಗ ಹೇಳು.”

ಅವರು ಅಕ್ಷರಕ್ಷರ ಹೇಳಿದರು. ‘ಒಂದು ಜಾಗ’ ಎಂದು ಹೇಳಿದಾಗ ಅವಳು ಕಣ್ಣು ಮುಚ್ಚಿಕೊಂಡಳು.

“ಸೋಮವಾರ ನಾನೂ ಬರತೇನಿ.”

“ನಿಶ್ಚಯಕ್ಕಿಂತ ಮೊದಲ ಹೆಣ್ಣುಮಗಳು ಗಂಡಿನ ಊರಿಗೆ ಹೋದ್ರ ಮಂದಿ ಏನಂದಾರು?”

“ನಿನ್ನ ಒಬ್ಬನ್ನ ಕಳಿಸಿದ್ರ ಹಾವೇರಿನೂ ಹೋಗತೈತಿ.”

ಸೋಮವಾರ ಕಂಪ್ಯೂಟರನ್ನು ಅರುಣಾ ಅವರ ಹಳೆಯ ಕೌದಿಯಲ್ಲಿ ಸುತ್ತಿ, ಸರ್ಫರಾಜನ ಟಂಟಂ ಆಟೋದಲ್ಲಿ ಹೇರಿಕೊಂಡು ಗಂಡ, ಹೆಂಡತಿ, ಮಗಳು, ಸರ್ಫರಾಜ ನಾಲ್ವರೂ ಬ್ಯಾಡಗಿಗೆ ಹೋದರು. ಯಾರ್ಡಿನಲ್ಲಿ ಎಲ್ಲಿ ನೋಡಿದರೂ ಕೆಂಪು ಚೀಲ. ಒಳಗೆ ಕಾಲಿಟ್ಟ ಕೂಡಲೇ ಮೈಲಾರೆಪ್ಪನವರು ಏಳು ಸಲ ಸೀನಿದರು. “ನೋಡ್ರಿ, ಸೀನಿ ತೋರಸಾಕ ಬಂದಾರ” ಎಂದ ಹಮಾಲನೊಬ್ಬ. ಒಂದು ಅಡತಿ ದಲಾಲರ ಅಂಗಡಿಯ ಕಟ್ಟೆಯ ಮೇಲೆ ಕಂಪ್ಯೂಟರ್ ಹೂಡಿದರು. ವ್ಯಾಪಾರಸ್ಥರು, ಹಮಾಲರು, ಮೆಣಸಿನಕಾಯಿ ಆರಿಸುವ ಹೆಣ್ಣುಮಕ್ಕಳು ಸುತ್ತ ನಿಂತರು. ಮುಂದೆ ಕಿರಣಕುಮಾರ, ಶಾಲು ಹೊದ್ದು. ಪಕ್ಕಕ್ಕೆ ಹೊಳಿಯವ್ವ. ಹಿಂದೆ ಕಂಬದ ಮರೆಯಲ್ಲಿ ಯುವರಾಜ, ಕೈಗೆ ಹತ್ತಿದ ಗ್ರೀಸನ್ನು ಚಿಂದಿ ಬಟ್ಟೆಗೆ ಒರೆಸುತ್ತಾ.

ಮೈಲಾರೆಪ್ಪನವರು ಸೀನಿನ ನಡುನಡುವೆ ವಿವರಿಸಿದರು. “ತಪ್ಪು ನನ್ದ. ಹೆಸರು ಅಡ್ಡಹೆಸರಿನ ನಡುವ ಜಾಗ ಬಿಟ್ಟೆ.”

“ಜಾಗ ಬಿಡದ ಹೆಂಗ ಬರೀತಾರ್ರಿ?” ಎಂದ ಒಬ್ಬ ಮುದುಕ. “ನಾವೂ ಜಾಗ ಬಿಟ್ಟ ಬರಿಯೋದು.”

“ಮಿಷೀನಿಗೆ ಅಡ್ಡಹೆಸರು ತಿಳಿಯಂಗಿಲ್ರಿ. ಯುವರಾಜ ಅನ್ನಾಂವ ಒಬ್ಬ, ಬ್ಯಾಡಗಿ ಅನ್ನಾಂವ ಮತ್ತೊಬ್ಬ ಅಂತ ತಿಳಕೊಂತು.”

“ಹಂಗಾರ ಯುವರಾಜನೂ ಹೋಗಿರಬೇಕಲ್ರಿ” ಎಂದ ಕಿರಣಕುಮಾರ. “ತೋರಸ್ರಿ ನೋಡೂನು.”

ಸರ್ಫರಾಜ ಎಲ್ಎಸ್ ಒತ್ತಿದ. ಪರದೆಯ ಮೇಲೆ ಯುವರಾಜ ಬ್ಯಾಡಗಿ ಕ್ಷೇಮವಾಗಿದ್ದ. ಗುಂಪಿನಲ್ಲಿ ಗುಜುಗುಜು ಎದ್ದಿತು.

“ಕಂಡಿರೇನು?” ಕಿರಣಕುಮಾರ ಎಲ್ಲರತ್ತ ತಿರುಗಿದ. “ನೂರ ನಲವತ್ತಮೂರು ಮಂದಿನ್ನ ತಗದು ತಮ್ಮ ಅಳಿಯನ್ನೊಬ್ಬನ್ನ ಉಳಿಸಿಕೊಂಡಾರ. ಇನ್ನ ಬ್ಯಾಡಗಿ ಅಂದ್ರ ಇವನೊಬ್ಬನ.”

“ಇಲ್ರಿ, ಇಲ್ರಿ” ಮೈಲಾರೆಪ್ಪನವರು ಎರಡೂ ಕೈ ಎತ್ತಿದರು. “ನಾ ತಗಿಯಾಕ ಹೊಂಟಿದ್ದ ಅವನ್ನೊಬ್ಬನ್ನ.”

“ಏನಂದ್ರಿ?” ಎಂದರು ಹೊಳಿಯವ್ವ. “ನನ್ನ ಮಗನ್ನ ತಗಿಯಾಕ ಹೊಂಟಿದ್ರಿ?”

ಹೌದೆಂದರೆ ಬೀಗತಿ ಹೋದರು, ಅಲ್ಲವೆಂದರೆ ಊರು ಹೋಯಿತು. ಮೈಲಾರೆಪ್ಪನವರು ಬಾಯಿ ತೆರೆದರು, ಸೀನು ಬಂತು. ಸೀನು ಮುಗಿದ ಮೇಲೆ ಜಾಣತನದ ಮಾತೊಂದೂ ಉಳಿದಿರಲಿಲ್ಲ. ಇದ್ದದ್ದನ್ನೇ ಹೇಳಿದರು.

“ನಾ ಶಾಣ್ಯಾ ಅಲ್ರಿ ಅವ್ವಾರ. ಕರಿ ಪರದೆ ಮುಂದ ಕುಂತು ಶಾಣ್ಯಾ ಆಗೇನಿ ಅಂತ ತಿಳಕೊಂಡಿದ್ದೆ. ಊರ ಮಂದಿ ಲಗ್ನ ಮಾಡಿಸಿದೆ, ಮಗಳಿಗೆ ಹತ್ತೊಂಬತ್ತು ಗಂಡು ತಂದೆ, ಒಂದೂ ಕೂಡಲಿಲ್ಲ. ಇಪ್ಪತ್ತನೇದಕ್ಕ ಆಕಿ ಅಡ್ಡಿಯಿಲ್ಲ ಅಂದಳು. ಇಂಥಾ ಹುಡುಗನ್ನ ಪಟ್ಟಿಯೊಳಗ ಕಂಡು ಮತ್ಯಾರರ ಕೇಳಿಬಿಟ್ರ ಅಂತ ಹೆದರಿಕಿ ಹತ್ತಿತ್ರಿ. ಅದಕ್ಕ ಅವನ್ನ ತಗದು ಮುಚ್ಚಿಡಾಕ ಹೋದೆ. ನನ್ನ ಹೆದರಿಕಿಗೆ ನಿಮ್ಮ ಊರ ಹೋತು.”

ಹೊಳಿಯವ್ವ ಅವರನ್ನೇ ನೋಡುತ್ತಿದ್ದರು.

ಪುಷ್ಪಾವತಿ ಮುಂದೆ ಬಂದು ಸರ್ಫರಾಜನನ್ನು ಕುರ್ಚಿಯಿಂದ ಎಬ್ಬಿಸಿ ತಾನು ಕೂತಳು. ಬೆರಳುಗಳು ಕೀಲಿಗಳ ಮೇಲೆ ನೋಡದೆಯೇ ಓಡಿದವು. ಆರ್ಎಂ, ಗೆರೆ, ಆರ್. ಆಮೇಲೆ ಯುವರಾಜ ಬ್ಯಾಡಗಿ, ಆದರೆ ಹೆಸರಿನ ಹಿಂದೊಂದು ಮುಂದೊಂದು ಸಣ್ಣ ಗುರುತು ಹಾಕಿದಳು.

“ಎರಡೂ ಕಡೆ ಈ ಗುರುತು ಹಾಕಿದ್ರ ನಡುವ ಎಷ್ಟ ಜಾಗ ಇದ್ರೂ ಒಬ್ಬನ ಅಂತ ತಿಳಕೊಳ್ಳತೈತಿ” ಎಂದಳು ಗುಂಪಿಗೆ.

“ನಿನಗ ಇದು ಹೆಂಗ ಗೊತ್ತು?” ಎಂದರು ಮೈಲಾರೆಪ್ಪನವರು.

“ಲ್ಯಾಬಿನಾಗ ಏಳು ವರ್ಷದಿಂದ ಇದ ಮಾಡಾಕತ್ತೇನಿ. ನೀ ಯಾವತ್ತರ ಕೇಳಿದ್ದೇನು?”

ಅವರು ಕೇಳಿರಲಿಲ್ಲ. ಅವಳ ಕೆಲಸವೆಂದರೆ ಬಯೋಡಾಟಾದಲ್ಲಿ ಬರೆಯುವ ಒಂದು ಸಾಲು ಎಂದೇ ಅವರು ತಿಳಿದಿದ್ದರು.

ಅವಳು ಎಂಟರ್ ಒತ್ತಲಿಲ್ಲ. ಕುರ್ಚಿಯಲ್ಲೇ ತಿರುಗಿ ಕಂಬದ ಕಡೆ ನೋಡಿದಳು. ಇಡೀ ಯಾರ್ಡು ಅವಳ ಜತೆ ತಿರುಗಿತು.

“ಅಳಿಸಲೇನ್ರಿ?”

ಯುವರಾಜ ಚಿಂದಿಯನ್ನು ಕಿಸೆಗೆ ತುರುಕಿಕೊಂಡ. ಯಂತ್ರದ ಮನುಷ್ಯ, ಕೇಳಬೇಕಾದ್ದನ್ನು ಕೇಳಿದ. “ಒಮ್ಮೆ ಅಳಿಸಿದ್ರ ತಿರುಗಿ ಬರಂಗಿಲ್ಲಲ್ಲ?”

“ಬರಂಗಿಲ್ಲ.”

“ಹಂಗಾರ ಅಳಿಸ್ರಿ.”

ಅವಳು ಒತ್ತಿದಳು. ಹಮಾಲರು ಒಮ್ಮೆಲೇ ನಕ್ಕರು. ಆರಿಸುವ ಹೆಣ್ಣುಮಕ್ಕಳು ಸೆರಗು ಬಾಯಿಗೆ ಹಿಡಿದರು. ಒಬ್ಬಾಕೆ “ಹೊಳಿಯವ್ವಾ, ಸೊಸಿ ನಿನಗಿಂತ ಗಟ್ಟಿ ಅದಾಳ” ಎಂದಳು. ಆ ಮಾತು ಹೊಳಿಯವ್ವನವರಿಗೆ ಹಿಡಿಸಿತ್ತು.

“ಅದೆಲ್ಲ ಛಲೋ ಆತು” ಎಂದ ಕಿರಣಕುಮಾರ, ಶಾಲು ಸರಿಪಡಿಸಿಕೊಳ್ಳುತ್ತಾ. “ನಮ್ದೇನ್ರಿ?”

ಮೈಲಾರೆಪ್ಪನವರು ಅಡತಿ ಅಂಗಡಿಯಿಂದ ಒಂದು ಉದ್ದನೆಯ ನೋಟ್‌ಬುಕ್ಕು ಕಡ ತಂದು, ಚೀಲದ ಮೇಲೆ ಕೂತು, ಪೆನ್ನು ತೆಗೆದರು. ನೆನಪಿದ್ದ ಹೆಸರು ಕೂಗಿದರು. ಆಗ ಬೆಳಕಿಗೆ ಬಂತು: ಕಳೆದುಹೋದ ನೂರ ನಲವತ್ತಮೂರರಲ್ಲಿ ಐವತ್ತಕ್ಕೂ ಹೆಚ್ಚು ಮಂದಿಗೆ ಎಂದೋ ಮದುವೆಯಾಗಿತ್ತು, ಯಾರೂ ಹೇಳಿರಲಿಲ್ಲ. ಅವರ ಪಟ್ಟಿಯ ಚೆಲುವೆ ಕನ್ಯೆಯೊಬ್ಬಳು ಕಂಕುಳಲ್ಲಿ ಎರಡನೆಯದನ್ನು ಎತ್ತಿಕೊಂಡು ಎದುರಿಗೇ ನಿಂತು ನಗುತ್ತಿದ್ದಳು. ಉಳಿದವರು ಸಾಲಾಗಿ ನಿಂತು ಹೊಸದಾಗಿ ಬರೆಸಿದರು. ಒಂಬತ್ತು ವರ್ಷದ ಹಿಂದೆ ಇಪ್ಪತ್ತೊಂಬತ್ತು ಎಂದು ಬರೆಸಿದ್ದ ಕಿರಣಕುಮಾರ ಈ ಸಲ ದನಿ ತಗ್ಗಿಸಿ ಇಪ್ಪತ್ತೆಂಟು ಎಂದ. ಹಳೆಯದು ಅಳಿಸಿಹೋಗಿರುವುದರಿಂದ ಸುಳ್ಳೆನ್ನಲು ಮೈಲಾರೆಪ್ಪನವರ ಬಳಿ ಪುರಾವೆ ಇರಲಿಲ್ಲ. ಬರೆದುಕೊಂಡರು. ಅಂದಿನಿಂದ ವೇದಿಕೆಯ ಅಧ್ಯಕ್ಷರಿಗೆ ಅವರ ಮೇಲೆ ಬಹಳ ಗೌರವ.

ಬಿಸಿಲು ಇಳಿಯುವ ಹೊತ್ತಿಗೆ ಸರ್ಫರಾಜ ಕಂಪ್ಯೂಟರನ್ನು ಕೌದಿಯಲ್ಲಿ ಸುತ್ತಿದ. ಪುಷ್ಪಾವತಿ ತಾಯಿಯ ಜತೆ ಟಂಟಂ ಹತ್ತಿ ಕೂತಿದ್ದಳು. ಯುವರಾಜ ಆ ಗಾಡಿಯ ಎಂಜಿನ್ನಿನಲ್ಲಿ ಇಲ್ಲದ ದೋಷವೊಂದನ್ನು ಬಹಳ ಹೊತ್ತಿನಿಂದ ಪರೀಕ್ಷಿಸುತ್ತಿದ್ದ. ಮೈಲಾರೆಪ್ಪನವರು ನೋಟ್‌ಬುಕ್ಕನ್ನು ಎದೆಗೊತ್ತಿಕೊಂಡು ಹೊರಟಾಗ ಹೊಳಿಯವ್ವ ಹಿಂದಿನಿಂದ ಕರೆದರು.

“ಬೀಗರ, ರವಿವಾರ ಲಗೂ ಬರ್ರಿ. ಆ ಮಿಷೀನೊಂದು ತರಬ್ಯಾಡ್ರಿ. ಇನ್ನ ಮ್ಯಾಲೆ ಏನರ ಅಳಿಸೋದಿದ್ರ ಆಕಿ ಕಡೆ ಹೇಳ್ರಿ, ನೀವು ಮುಟ್ಟಬ್ಯಾಡ್ರಿ.”

ಇಷ್ಟೆಲ್ಲ ಮಾತಿನಲ್ಲಿ ಮೈಲಾರೆಪ್ಪನವರಿಗೆ ಕೇಳಿಸಿದ್ದು ಮೊದಲನೆಯ ಶಬ್ದ ಒಂದೇ. ಏನಾದರೂ ಹೇಳಬೇಕೆಂದು ತಿರುಗಿ ನಿಂತರು. ಕಣ್ಣಿನಿಂದ ನೀರು ಇಳಿಯತೊಡಗಿತು. ಮೆಣಸಿನಕಾಯಿ ಘಾಟಿಗೆ ಹೊರಗಿನವರಿಗೆ ಹೀಗಾಗುವುದು ಆ ಊರಿನವರಿಗೆ ಗೊತ್ತಿದ್ದದ್ದೇ; ಯಾರೂ ಏನೂ ಕೇಳಲಿಲ್ಲ.